ಎಪ್ಪತ್ತು ಸಾವಿರ ಕೋಟಿ ಡಾಲರ್ ಸುಮ್ನೆ ಕೂಡಿಟ್ಟಿರುವುದು ಯಾಕೆ?

ಪ್ರಶ್ನೆ: ಭಾರತದ ವಿದೇಶಿ ವಿನಿಮಯ ಮೀಸಲು 700 ಬಿಲಿಯನ್ ಡಾಲರ್ ದಾಟಿತು ಎಂದು ಪತ್ರಿಕೆಯಲ್ಲಿ ಓದಿದ್ದೆ. ಅದು ಏರಿತು, ಇಳಿಯಿತು ಎಂಬ ಸುದ್ದಿ ವಾರವಾರವೂ ಬರುತ್ತದೆ. ಇತ್ತ ಸರ್ಕಾರ ಸಾಲ ಮಾಡುತ್ತಲೇ ಇದೆ, ನಮ್ಮ ಕಡೆಯ ರಸ್ತೆಗಳು ಇದ್ದ ಹಾಗೇ ಇವೆ. ಇಷ್ಟು ದೊಡ್ಡ ಮೊತ್ತವನ್ನು ಅಮೆರಿಕದ ಬಾಂಡ್‌ಗಳಲ್ಲಿ ಕಡಿಮೆ ಬಡ್ಡಿಗೆ ಇಡುವ ಬದಲು ಇಲ್ಲೇ ಬಳಸಬಾರದೇ? ಚೀನಾ, ಕೊರಿಯಾ, ಬ್ರೆಜಿಲ್ ಕೂಡ ಹೀಗೇ ಕೂಡಿಡುತ್ತವಂತೆ. ಯಾಕೆ? (ಒಬ್ಬ ಓದುಗರು, ದಾವಣಗೆರೆ)

ಉತ್ತರ: ಆ 700 ಬಿಲಿಯನ್ ಡಾಲರ್ ಸರ್ಕಾರದ ಉಳಿತಾಯ ಎಂದು ನೀವು ಅಂದುಕೊಂಡಂತಿದೆ. ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಅದು ಉಳಿತಾಯ ಅಲ್ಲ. ಈ ಡಾಲರ್ ರಿಸರ್ವ್ ಬ್ಯಾಂಕಿನ ಕೈಗೆ ಹೇಗೆ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಅಮೆರಿಕದ ಗ್ರಾಹಕರಿಂದ 10 ಲಕ್ಷ ಡಾಲರ್ ಬಂತು ಎಂದಿಟ್ಟುಕೊಳ್ಳಿ. ಸಂಬಳ ಕೊಡಲು ಕಂಪನಿಗೆ ರೂಪಾಯಿ ಬೇಕು. ಹಾಗಾಗಿ ಡಾಲರನ್ನು ತನ್ನ ಬ್ಯಾಂಕಿಗೆ ಮಾರುತ್ತದೆ. ಬ್ಯಾಂಕ್ ಅದನ್ನು ಡಾಲರ್ ಬೇಕಾದವರಿಗೆ ಮಾರುತ್ತದೆ. ಕಚ್ಚಾ ತೈಲ ತರಿಸುವ ರಿಫೈನರಿ ಕೊಳ್ಳಬಹುದು, ಮಗಳನ್ನು ಕೆನಡಾಕ್ಕೆ ಓದಲು ಕಳಿಸುವ ಕುಟುಂಬ ಕೊಳ್ಳಬಹುದು. ಮಾರುವವರು ಜಾಸ್ತಿಯಾಗಿ ಕೊಳ್ಳುವವರು ಕಡಿಮೆಯಾದ ದಿನ ಡಾಲರ್ ಬೆಲೆ ಇಳಿಯತೊಡಗುತ್ತದೆ, ಅಂದರೆ ರೂಪಾಯಿ ಏರುತ್ತದೆ. ಅಂಥ ದಿನ ಆರ್‌ಬಿಐ ಮಾರುಕಟ್ಟೆಗೆ ಬಂದು, ಸಾಮಾನ್ಯವಾಗಿ ಸರ್ಕಾರಿ ಬ್ಯಾಂಕುಗಳ ಮೂಲಕ, ಡಾಲರ್ ಕೊಳ್ಳುತ್ತದೆ. ಅದಕ್ಕೆ ಕೊಡುವ ರೂಪಾಯಿಯನ್ನು ಹೊಸದಾಗಿ ಸೃಷ್ಟಿಸುತ್ತದೆ. ತೆರಿಗೆಯಿಂದಲ್ಲ, ಬಜೆಟ್‌ನಿಂದಲೂ ಅಲ್ಲ.

ಹೀಗಾಗಿ ಆರ್‌ಬಿಐ ಲೆಕ್ಕದ ಪುಸ್ತಕದಲ್ಲಿ ಒಂದು ಕಡೆ ಡಾಲರ್ ಆಸ್ತಿಯಾಗಿ ಕೂರುತ್ತದೆ. ಇನ್ನೊಂದು ಕಡೆ ಅಷ್ಟೇ ಮೌಲ್ಯದ ರೂಪಾಯಿ ಬಾಧ್ಯತೆಯಾಗಿ ಕೂರುತ್ತದೆ. ಊರಿನ ಸಹಕಾರಿ ಬ್ಯಾಂಕಿನ ತಿಜೋರಿ ತುಂಬಿದೆ ಎಂದ ಮಾತ್ರಕ್ಕೆ ಆ ಹಣ ಮ್ಯಾನೇಜರದ್ದಾಗುವುದಿಲ್ಲವಲ್ಲ, ಹಾಗೇ ಇದು.

ಈಗ ಈ ಡಾಲರನ್ನು ರಸ್ತೆಗೆ ಬಳಸೋಣ ಎಂದು ಹೊರಟರೆ ಏನಾಗುತ್ತದೆ? ಜಲ್ಲಿ, ಸಿಮೆಂಟು, ಕೂಲಿ ಎಲ್ಲಕ್ಕೂ ರೂಪಾಯಿಯೇ ಬೇಕು. ಡಾಲರನ್ನು ಮತ್ತೆ ರೂಪಾಯಿ ಮಾಡಬೇಕು. ಮಾರುಕಟ್ಟೆಯಲ್ಲಿ ಮಾರಿದರೆ ಮೀಸಲು ಕರಗುತ್ತದೆ, ರೂಪಾಯಿ ಬೆಲೆ ಏರಿ ರಫ್ತಿಗೆ ಪೆಟ್ಟು ಬೀಳುತ್ತದೆ. ಆರ್‌ಬಿಐಗೇ ಮಾರಿದರೆ, ಒಂದೇ ಡಾಲರಿನ ಮೇಲೆ ಎರಡನೇ ಸಲ ರೂಪಾಯಿ ಸೃಷ್ಟಿಸಿದ ಹಾಗಾಯಿತು. ಅದು ನೋಟು ಮುದ್ರಿಸಿ ಖರ್ಚು ಮಾಡುವುದಕ್ಕೆ ಸಮ. ಹಾಗೆ ಮಾಡುವುದಾದರೆ ನಡುವೆ ಡಾಲರಿನ ಹೆಸರು ಹೇಳುವ ಅಗತ್ಯವೇ ಇಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಈ ವಾದಕ್ಕೆ ಬಲವಿದೆ. ಹೊರದೇಶದಿಂದಲೇ ತರಿಸಬೇಕಾದ ಯಂತ್ರೋಪಕರಣ ಇದ್ದರೆ ಅದಕ್ಕೆ ನೇರವಾಗಿ ಡಾಲರ್ ಕೊಡಬಹುದು. ಮೀಸಲು 100 ಬಿಲಿಯನ್ ದಾಟಿದ ನಂತರ, 2004-05ರ ಸುಮಾರಿಗೆ, ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದ ಮೊಂಟೆಕ್ ಸಿಂಗ್ ಅಹ್ಲುವಾಲಿಯಾ ಮೀಸಲಿನ ಒಂದು ಪಾಲನ್ನು ಮೂಲಸೌಕರ್ಯಕ್ಕೆ ಬಳಸೋಣ ಎಂದರು. ದೊಡ್ಡ ಚರ್ಚೆ ನಡೆಯಿತು. ಕೊನೆಗೆ 2008ರಲ್ಲಿ ಲಂಡನ್‌ನಲ್ಲಿ ಒಂದು ಸರ್ಕಾರಿ ಕಂಪನಿ ತೆರೆದು, ಆರ್‌ಬಿಐನಿಂದ 5 ಬಿಲಿಯನ್ ಡಾಲರ್‌ವರೆಗೆ ಸಾಲ ಪಡೆದು, ಭಾರತೀಯ ಯೋಜನೆಗಳ ಆಮದಿಗೆ ಸಾಲ ಕೊಡುವ ಏರ್ಪಾಟಾಯಿತು. ಅದರಿಂದ ದೇಶದ ಮೂಲಸೌಕರ್ಯದ ಚಿತ್ರ ಬದಲಾಗಲಿಲ್ಲ. ನಮ್ಮ ರಸ್ತೆಗಳಿಗೆ ಕೊರತೆ ಇದ್ದದ್ದು ಡಾಲರಿನದ್ದಲ್ಲ.

ಹಾಗಾದರೆ ಕೂಡಿಡುವುದಾದರೂ ಯಾಕೆ? ಇದಕ್ಕೆ 1991ರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಂದಿನ ನೀತಿಯ ಬೇರು ಅಲ್ಲಿದೆ.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್ ಮೇಲೆ ನುಗ್ಗಿತು. ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಜಿಗಿಯಿತು. ಕುವೈತ್‌ನಲ್ಲಿ ದುಡಿಯುತ್ತಿದ್ದ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ವಾಪಸ್ ಕರೆತರಬೇಕಾಯಿತು. ಕೇರಳದ ಮತ್ತು ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಹಣ ನಿಂತುಹೋಯಿತು. ತೈಲಕ್ಕೆ ಕೊಡಬೇಕಾದ ಡಾಲರ್ ಏರಿತು, ಬರಬೇಕಾದ ಡಾಲರ್ ಇಳಿಯಿತು. ದೆಹಲಿಯಲ್ಲಿ ಒಂದರ ಹಿಂದೆ ಒಂದು ಸರ್ಕಾರ ಬೀಳುತ್ತಿತ್ತು. ಭಾರತಕ್ಕೆ ಅಲ್ಪಾವಧಿ ಸಾಲ ಕೊಟ್ಟಿದ್ದ ವಿದೇಶಿ ಬ್ಯಾಂಕುಗಳು ನವೀಕರಿಸಲು ಒಪ್ಪಲಿಲ್ಲ. ಅನಿವಾಸಿ ಭಾರತೀಯರು ಇಲ್ಲಿಟ್ಟಿದ್ದ ಠೇವಣಿ ತೆಗೆಯಲು ಶುರುಮಾಡಿದರು. 1991ರ ಮಧ್ಯದ ಹೊತ್ತಿಗೆ ಕೈಯಲ್ಲಿದ್ದ ವಿದೇಶಿ ಹಣ ಎರಡು ಮೂರು ವಾರಗಳ ಆಮದಿಗೆ ಸಾಕಾಗುವಷ್ಟು ಮಾತ್ರ.

ಆ ತಿಂಗಳುಗಳಲ್ಲಿ ಸರ್ಕಾರ ಮತ್ತು ಆರ್‌ಬಿಐ ಮಾಡಿದ್ದನ್ನು ನೋಡಿ. ಆಮದು ಮಾಡುವವರು ಬ್ಯಾಂಕಿನಲ್ಲಿ ಮುಂಗಡವಾಗಿ ಇಡಬೇಕಾದ ನಗದನ್ನು ಹಂತಹಂತವಾಗಿ ಏರಿಸಿ, ಸರಕಿನ ಬೆಲೆಯ ಎರಡು ಪಟ್ಟಿಗೆ ಒಯ್ದರು. ಅಂದರೆ ಆಮದನ್ನು ಹೆಚ್ಚುಕಡಿಮೆ ಕತ್ತು ಹಿಸುಕಿ ನಿಲ್ಲಿಸಿದರು. ಬಿಡಿಭಾಗ, ಕಚ್ಚಾ ವಸ್ತು ಬಾರದೆ ಕಾರ್ಖಾನೆಗಳು ಸೊರಗಿದವು. ಮೇ ತಿಂಗಳಲ್ಲಿ, ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡಿದ್ದ 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕ್ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ, ಮರಳಿ ಕೊಳ್ಳುವ ಷರತ್ತಿನೊಂದಿಗೆ, ಮಾರಿದರು. ಜುಲೈನಲ್ಲಿ ಆರ್‌ಬಿಐ ತನ್ನ ಚಿನ್ನದಲ್ಲಿ ಸುಮಾರು 47 ಟನ್ನನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ತಂದಿತು. ಅದಕ್ಕೆ ಚಿನ್ನವನ್ನು ವಿಮಾನದಲ್ಲಿ ಹೊರದೇಶಕ್ಕೆ ಕಳಿಸಬೇಕಾಯಿತು. ಅದೇ ಜುಲೈ 1 ಮತ್ತು 3ರಂದು ಎರಡು ಹಂತದಲ್ಲಿ ರೂಪಾಯಿ ಅಪಮೌಲ್ಯವಾಯಿತು. ಡಾಲರಿಗೆ ಸುಮಾರು 21 ಇದ್ದದ್ದು 26ರ ಹತ್ತಿರಕ್ಕೆ ಬಂತು. ಐಎಂಎಫ್‌ನಿಂದ (ಅಂತರರಾಷ್ಟ್ರೀಯ ಹಣಕಾಸು ನಿಧಿ) ದೊಡ್ಡ ಸಾಲ, ಅದರ ಜೊತೆ ಷರತ್ತುಗಳು, ಮನಮೋಹನ ಸಿಂಗ್ ಅವರ ಬಜೆಟ್, ಇದೆಲ್ಲ ಆಮೇಲಿನದು.

40 ಕೋಟಿ ಡಾಲರ್! ಇಂದಿನ ಲೆಕ್ಕದಲ್ಲಿ ಆರ್‌ಬಿಐ ಒಂದೇ ದಿನದಲ್ಲಿ ಅದಕ್ಕಿಂತ ಜಾಸ್ತಿ ಕೊಂಡು ಮಾರುವುದುಂಟು. ಅಷ್ಟು ಸಣ್ಣ ಮೊತ್ತಕ್ಕಾಗಿ ದೇಶದ ಚಿನ್ನ ವಿಮಾನ ಹತ್ತಬೇಕಾಯಿತು ಎಂಬುದು ಆಗ ಆರ್‌ಬಿಐ ಮತ್ತು ಹಣಕಾಸು ಇಲಾಖೆಯಲ್ಲಿದ್ದವರ ಮನಸ್ಸಿನಲ್ಲಿ ಆಳವಾಗಿ ಕೂತಿತು. ಮುಂದಿನ ಮೂರು ದಶಕ ಯಾವ ಪಕ್ಷದ ಸರ್ಕಾರ ಬಂದರೂ, ಯಾರು ಗವರ್ನರ್ ಆದರೂ, ಮೀಸಲು ಹೆಚ್ಚಿಸುವ ವಿಷಯದಲ್ಲಿ ಮಾತ್ರ ದಾರಿ ಬದಲಾಗಲಿಲ್ಲ. 1991ರ ಮಾರ್ಚ್‌ನಲ್ಲಿ ಚಿನ್ನವೂ ಸೇರಿ 6 ಬಿಲಿಯನ್ ಮುಟ್ಟದಿದ್ದ ಮೀಸಲು 2003ರ ಕೊನೆಗೆ 100 ಬಿಲಿಯನ್, 2020ರ ಜೂನ್‌ಗೆ 500 ಬಿಲಿಯನ್, 2024ರ ಸೆಪ್ಟೆಂಬರ್ ಕೊನೆಗೆ ಸುಮಾರು 705 ಬಿಲಿಯನ್ ಆಯಿತು. (ಒಂದು ಬಿಲಿಯನ್ ಎಂದರೆ ನೂರು ಕೋಟಿ. ಆ ದಿನದ ದರದಲ್ಲಿ 705 ಬಿಲಿಯನ್ ಡಾಲರ್ ಅಂದರೆ ಸುಮಾರು 59 ಲಕ್ಷ ಕೋಟಿ ರೂಪಾಯಿ.)

ಆದರೆ ಇದು ಭಾರತದ ಕಥೆ ಮಾತ್ರ. ಏಷ್ಯಾದ ಉಳಿದ ದೇಶಗಳು ಪಾಠ ಕಲಿತದ್ದು 1997ರಲ್ಲಿ.

ಥಾಯ್ಲೆಂಡ್ ತನ್ನ ಹಣ ಬಾಟ್ ಅನ್ನು ಡಾಲರಿಗೆ ಸುಮಾರು 25ರಂತೆ ಕಟ್ಟಿಹಾಕಿಕೊಂಡಿತ್ತು. ದರ ಬದಲಾಗುವುದಿಲ್ಲ ಎಂಬ ನಂಬಿಕೆಯಲ್ಲಿ ಅಲ್ಲಿನ ಕಂಪನಿಗಳು ಕಡಿಮೆ ಬಡ್ಡಿಯ ಡಾಲರ್ ಸಾಲ ತಂದು ಬ್ಯಾಂಕಾಕ್‌ನಲ್ಲಿ ಕಟ್ಟಡ ಕಟ್ಟಿದವು. ಕಟ್ಟಡಗಳು ಖಾಲಿ ಉಳಿದಾಗ ಹೂಡಿಕೆದಾರರು ಬಾಟ್ ಮಾರತೊಡಗಿದರು. ದರ ಉಳಿಸಿಕೊಳ್ಳಲು ಅಲ್ಲಿನ ಕೇಂದ್ರ ಬ್ಯಾಂಕ್ ಡಾಲರ್ ಮಾರಿತು. ಪತ್ರಿಕೆಗಳಲ್ಲಿ ಬರುತ್ತಿದ್ದ ಮೀಸಲಿನ ಅಂಕಿ 30 ಬಿಲಿಯನ್ ಡಾಲರ್‌ಗಿಂತ ಜಾಸ್ತಿಯೇ ಇತ್ತು. ಹೊರಗಿನವರಿಗೆ ಕಾಣದಿದ್ದ ವಿಷಯ ಇನ್ನೊಂದು: ಮುಂದಿನ ತಿಂಗಳುಗಳಲ್ಲಿ ಡಾಲರ್ ಕೊಡುತ್ತೇನೆ ಎಂದು ಫಾರ್ವರ್ಡ್ ಒಪ್ಪಂದಗಳಲ್ಲಿ ಬ್ಯಾಂಕ್ ಆಗಲೇ ಸುಮಾರು 23 ಬಿಲಿಯನ್ ಬರೆದುಕೊಟ್ಟಿತ್ತು. ಪೆಟ್ಟಿಗೆಯಲ್ಲಿ ಕಾಣುವ ಹಣದ ಬಹುಪಾಲು ಆಗಲೇ ಇನ್ನೊಬ್ಬರದ್ದಾಗಿತ್ತು. 1997ರ ಜುಲೈ 2ರಂದು ಕೈಚೆಲ್ಲಿ ಬಾಟ್ ಅನ್ನು ಬಿಟ್ಟುಬಿಟ್ಟರು. 1998ರ ಜನವರಿಗೆ ಅದು ಡಾಲರಿಗೆ 50 ದಾಟಿತ್ತು. ಡಾಲರ್ ಸಾಲ ಮಾಡಿದವರ ಹೊರೆ ಆರು ತಿಂಗಳಲ್ಲಿ ಎರಡು ಪಟ್ಟಾಯಿತು.

ಕೊರಿಯಾದ್ದು ಇನ್ನೂ ನೋವಿನ ಕಥೆ. ಕೇಂದ್ರ ಬ್ಯಾಂಕ್ ತನ್ನ ಡಾಲರಿನ ದೊಡ್ಡ ಪಾಲನ್ನು ಕೊರಿಯಾದ ಬ್ಯಾಂಕುಗಳ ವಿದೇಶಿ ಶಾಖೆಗಳಲ್ಲೇ ಠೇವಣಿ ಇಟ್ಟಿತ್ತು. ಆ ಬ್ಯಾಂಕುಗಳೇ ಮುಳುಗುವ ಸ್ಥಿತಿಗೆ ಬಂದಾಗ ಠೇವಣಿ ತೆಗೆಯುವಂತಿರಲಿಲ್ಲ. ಡಿಸೆಂಬರ್ ಮಧ್ಯದಲ್ಲಿ ನಿಜವಾಗಿ ಬಳಸಬಹುದಾಗಿದ್ದ ಮೀಸಲು 4 ಬಿಲಿಯನ್ ಡಾಲರಿಗಿಂತ ಕಡಿಮೆ. ಐಎಂಎಫ್ ಮುಂದಾಳತ್ವದಲ್ಲಿ 57 ಬಿಲಿಯನ್‌ನಷ್ಟು ನೆರವಿನ ಪ್ಯಾಕೇಜ್ ಘೋಷಣೆಯಾಯಿತು. ಬಡ್ಡಿ ದರ ಏರಿತು, ಕಂಪನಿಗಳು ಮುಚ್ಚಿದವು, ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. 1998ರ ಆರಂಭದಲ್ಲಿ ಜನ ಸಾಲುಗಟ್ಟಿ ನಿಂತು ಮದುವೆ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಂದ ಪುಟ್ಟ ಉಂಗುರಗಳನ್ನು ದೇಶಕ್ಕಾಗಿ ಕೊಟ್ಟರು. ಸುಮಾರು 35 ಲಕ್ಷ ಜನ, 220 ಟನ್‌ಗಿಂತ ಜಾಸ್ತಿ ಚಿನ್ನ. ಅದನ್ನು ಕರಗಿಸಿ ರಫ್ತು ಮಾಡಿ ಡಾಲರ್ ತಂದರು. ಇದನ್ನು ಕಂಡ ಒಂದು ತಲೆಮಾರು ಇನ್ನೆಂದೂ ಆ ಸ್ಥಿತಿಗೆ ಬೀಳಬಾರದು ಎಂದು ನಿರ್ಧರಿಸಿತು. ಇಂದು ಕೊರಿಯಾದ ಮೀಸಲು 400 ಬಿಲಿಯನ್ ಡಾಲರ್‌ಗಿಂತ ಜಾಸ್ತಿ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಈ ಭಯ ಅಮೆರಿಕಕ್ಕೆ ಯಾಕಿಲ್ಲ? ಅಮೆರಿಕ ತನ್ನ ಸಾಲವನ್ನು ತನ್ನದೇ ಡಾಲರಿನಲ್ಲಿ ತೀರಿಸುತ್ತದೆ. ಡಾಲರ್ ಸೃಷ್ಟಿಸುವ ಕೇಂದ್ರ ಬ್ಯಾಂಕ್ ಅದರದ್ದೇ. ನಾವು ಸೌದಿಯಿಂದ, ಇರಾಕ್‌ನಿಂದ ತೈಲ ತರಿಸಿದರೆ ಡಾಲರ್ ಕೊಡಬೇಕು. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ಹೊರಗಿನಿಂದಲೇ ಬರುತ್ತದೆ. ಆರ್‌ಬಿಐ ಎಷ್ಟು ರೂಪಾಯಿಯನ್ನಾದರೂ ಮುದ್ರಿಸಬಹುದು, ಒಂದೇ ಒಂದು ಡಾಲರನ್ನು ಮುದ್ರಿಸಲಾರದು. ಸಂಕಟದ ದಿನ ಜಗತ್ತಿನ ಹಣವೆಲ್ಲ ಡಾಲರಿನ ಕಡೆಗೇ ಓಡುತ್ತದೆ. ನಮಗೆ ಡಾಲರ್ ತುರ್ತಾಗಿ ಬೇಕಾದ ದಿನವೇ ಅದು ಸಿಗುವುದು ಕಷ್ಟ.

ಆ ದಿನ ಯಾರು ಕೊಡುತ್ತಾರೆ? 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಹಲವು ಕೇಂದ್ರ ಬ್ಯಾಂಕುಗಳಿಗೆ ಡಾಲರ್ ಸ್ವಾಪ್ ಸೌಲಭ್ಯ ತೆರೆಯಿತು. (ಸ್ವಾಪ್ ಎಂದರೆ ಒಂದು ದೇಶದ ಹಣ ಕೊಟ್ಟು ಇನ್ನೊಂದರದ್ದು ಪಡೆದು, ಗೊತ್ತುಮಾಡಿದ ದಿನ ಮರಳಿ ಬದಲಿಸಿಕೊಳ್ಳುವ ಒಪ್ಪಂದ.) ಯುರೋಪ್, ಜಪಾನ್, ಬ್ರಿಟನ್ ಅಲ್ಲದೆ ಬ್ರೆಜಿಲ್, ಮೆಕ್ಸಿಕೊ, ಕೊರಿಯಾ, ಸಿಂಗಾಪುರಕ್ಕೂ ತಲಾ 30 ಬಿಲಿಯನ್ ಸಿಕ್ಕಿತು. ಭಾರತಕ್ಕೆ ಸಿಗಲಿಲ್ಲ. ಐಎಂಎಫ್ ಇದೆ, ನಿಜ. ಆದರೆ ಅದರ ಸಾಲಕ್ಕೆ ಹೋಗುವುದೇ ದೇಶ ಕಷ್ಟದಲ್ಲಿದೆ ಎಂಬ ಡಂಗುರ. ಜೊತೆಗೆ ನಿಮ್ಮ ಸಬ್ಸಿಡಿ, ನಿಮ್ಮ ತೆರಿಗೆ, ನಿಮ್ಮ ಬಡ್ಡಿ ದರ ಎಲ್ಲದರ ಬಗ್ಗೆ ಇನ್ನೊಬ್ಬರು ಷರತ್ತು ಹಾಕುತ್ತಾರೆ. ಉದಯೋನ್ಮುಖ ದೇಶಗಳು ಸ್ವಂತ ಮೀಸಲು ಕಟ್ಟಿಕೊಳ್ಳಲು ಮುಖ್ಯ ಕಾರಣ ಇದೇ ಎಂದು ನನ್ನ ಅಭಿಪ್ರಾಯ. ತಮ್ಮ ಆರ್ಥಿಕ ನೀತಿಯನ್ನು ತಾವೇ ಮಾಡುವ ಸ್ವಾತಂತ್ರ್ಯಕ್ಕೆ ಅವು ತೆರುವ ಬೆಲೆ ಅದು.

ಚೀನಾದ ವಿಷಯ ಬೇರೆ. ಅಲ್ಲಿ ಸಂಕಟದ ಭಯ ಇತ್ತು, ಆದರೆ ಅದಕ್ಕಿಂತ ದೊಡ್ಡ ಕಾರಣ ರಫ್ತು. ಚೀನಾ ವರ್ಷವರ್ಷವೂ ಕೊಳ್ಳುವುದಕ್ಕಿಂತ ಜಾಸ್ತಿ ಮಾರುತ್ತಿತ್ತು. ಬಂದ ಡಾಲರನ್ನು ಕೇಂದ್ರ ಬ್ಯಾಂಕ್ ಕೊಳ್ಳದಿದ್ದರೆ ಯುವಾನ್ ಏರಿ ಚೀನೀ ಸರಕು ದುಬಾರಿಯಾಗುತ್ತಿತ್ತು. ಹಾಗಾಗಿ ಕೊಳ್ಳುತ್ತಲೇ ಹೋದರು. 2014ರ ಮಧ್ಯದಲ್ಲಿ ಅದು ಸುಮಾರು 4 ಲಕ್ಷ ಕೋಟಿ ಡಾಲರ್ ಮುಟ್ಟಿತು. ನಂತರ ಹಣ ಹೊರಹೋಗತೊಡಗಿದಾಗ ಯುವಾನ್ ಉಳಿಸಿಕೊಳ್ಳಲು ಎರಡೂವರೆ ವರ್ಷದಲ್ಲಿ ಅದರ ಕಾಲುಭಾಗ ಕರಗಿತು. ಅಷ್ಟು ಕರಗಿದ ಮೇಲೂ 3 ಲಕ್ಷ ಕೋಟಿ ಉಳಿದಿತ್ತು ಎಂಬುದು ಬೇರೆ ಮಾತು.

ಚೀನಾ ಮತ್ತು ಭಾರತದ ಮೀಸಲಿನ ನಡುವಿನ ಈ ವ್ಯತ್ಯಾಸವನ್ನು ದಯವಿಟ್ಟು ಗಮನಿಸಿ. ಟಿವಿ ಚರ್ಚೆಗಳಲ್ಲಿ ಇದನ್ನು ಹೇಳುವವರು ಕಡಿಮೆ. ಚೀನಾದ ಡಾಲರ್ ಬಹುಪಾಲು ವ್ಯಾಪಾರದಲ್ಲಿ ಗಳಿಸಿದ್ದು. ಭಾರತ ಹೆಚ್ಚುಕಡಿಮೆ ಪ್ರತಿ ವರ್ಷ ಚಾಲ್ತಿ ಖಾತೆಯಲ್ಲಿ, ಅಂದರೆ ಹೊರಗಿನಿಂದ ಗಳಿಸಿದ್ದು ಮತ್ತು ಹೊರಗೆ ಕೊಟ್ಟದ್ದರ ಲೆಕ್ಕದಲ್ಲಿ, ಕೊರತೆ ಅನುಭವಿಸುವ ದೇಶ. ಸಾಫ್ಟ್‌ವೇರ್ ರಫ್ತು, ಹೊರದೇಶದಲ್ಲಿರುವವರು ಮನೆಗೆ ಕಳಿಸುವ ಹಣ (2023-24ರಲ್ಲೇ ಸುಮಾರು 119 ಬಿಲಿಯನ್ ಡಾಲರ್), ಕೊಡಗು-ಚಿಕ್ಕಮಗಳೂರಿನ ಕಾಫಿ, ಔಷಧ, ಎಲ್ಲ ಸೇರಿಸಿದರೂ ತೈಲ, ಚಿನ್ನ, ಎಲೆಕ್ಟ್ರಾನಿಕ್ಸ್ ಆಮದಿನ ಬಿಲ್ಲಿಗೆ ಸಾಲುವುದಿಲ್ಲ. ಹಾಗಿದ್ದರೂ ಮೀಸಲು ಬೆಳೆದದ್ದು ಹೇಗೆ? ವಿದೇಶಿಯರು ಇಲ್ಲಿ ಷೇರು ಕೊಂಡರು, ಕಾರ್ಖಾನೆ ಹಾಕಿದರು, ನಮ್ಮ ಕಂಪನಿಗಳು ಹೊರಗೆ ಸಾಲ ಮಾಡಿದವು, ಅನಿವಾಸಿಗಳು ಠೇವಣಿ ಇಟ್ಟರು. ಹಾಗೆ ಬಂದ ಡಾಲರಿನಲ್ಲಿ ಕೊರತೆ ತುಂಬಿ ಮಿಕ್ಕಿದ್ದನ್ನು ಆರ್‌ಬಿಐ ಕೊಂಡಿತು. ಇದರಲ್ಲಿ ಬಹಳಷ್ಟು ನಾಳೆ ವಾಪಸ್ ಹೋಗಬಹುದಾದ ಹಣ. 2025ರ ಮಾರ್ಚ್ ಕೊನೆಗೆ ನಮ್ಮ ಒಟ್ಟು ವಿದೇಶಿ ಸಾಲ ಸುಮಾರು 736 ಬಿಲಿಯನ್ ಡಾಲರ್, ಮೀಸಲು 668 ಬಿಲಿಯನ್. ಮೀಸಲನ್ನು ನಮ್ಮ ಶ್ರೀಮಂತಿಕೆಯ ಗುರುತು ಎಂದು ಹೇಳುವವರು ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಮೀಸಲನ್ನು ಬಳಸುವುದೇ ಇಲ್ಲವೇ ಎಂದರೆ, ಖಂಡಿತ ಬಳಸುತ್ತಾರೆ. 2013ರ ಮೇ ತಿಂಗಳಲ್ಲಿ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕಿ, ಮಾರುಕಟ್ಟೆಗೆ ಹಣ ಬಿಡಲು ನಡೆಸುತ್ತಿದ್ದ ಬಾಂಡ್ ಖರೀದಿಯನ್ನು ಕಡಿಮೆ ಮಾಡಬಹುದು ಎಂಬ ಸೂಚನೆ ಕೊಟ್ಟರು. ಅಷ್ಟಕ್ಕೇ ಹಣ ಉದಯೋನ್ಮುಖ ದೇಶಗಳಿಂದ ಹೊರಗೆ ಹರಿಯಿತು. ಆಗ 55-56ರ ಆಸುಪಾಸಿನಲ್ಲಿದ್ದ ಡಾಲರ್ ಬೆಲೆ ಆಗಸ್ಟ್ 28ಕ್ಕೆ 68 ರೂಪಾಯಿ ದಾಟಿತು. ಆ ದಿನ ಆರ್‌ಬಿಐ ಸರ್ಕಾರಿ ತೈಲ ಕಂಪನಿಗಳಿಗೆ ಮೀಸಲಿನಿಂದ ನೇರವಾಗಿ ಡಾಲರ್ ಕೊಡುವ ವ್ಯವಸ್ಥೆ ಮಾಡಿತು. ಮಾರುಕಟ್ಟೆಯಲ್ಲಿ ಡಾಲರಿಗಾಗಿ ಬೀಳುವ ಅತಿ ದೊಡ್ಡ ಬೇಡಿಕೆ ಅದರಿಂದ ಹೊರಗೆ ಸರಿಯಿತು. ಮುಂದಿನ ವಾರ ಗವರ್ನರ್ ಆದ ರಘುರಾಮ್ ರಾಜನ್ ಅನಿವಾಸಿ ಠೇವಣಿ ಮತ್ತು ವಿದೇಶಿ ಸಾಲ ತರುವ ಬ್ಯಾಂಕುಗಳಿಗೆ ರಿಯಾಯಿತಿ ದರದ ಸ್ವಾಪ್ ಕೊಟ್ಟರು. ನವೆಂಬರ್ ಕೊನೆಯ ಹೊತ್ತಿಗೆ ಈ ದಾರಿಯಲ್ಲಿ ಒಟ್ಟು 34 ಬಿಲಿಯನ್ ಡಾಲರ್ ಬಂತು. ಆಗಿನ ಮೀಸಲು 275 ಬಿಲಿಯನ್‌ನಷ್ಟಿತ್ತು. ಅಷ್ಟಿದ್ದರೂ ನಡುಕ ಹುಟ್ಟಿತ್ತು ಎಂಬುದನ್ನು ಮರೆಯಬಾರದು.

2022ರಲ್ಲಿ ಉಕ್ರೇನ್ ಯುದ್ಧ, ಅಮೆರಿಕದ ಬಡ್ಡಿ ಏರಿಕೆ ಎರಡೂ ಒಟ್ಟಿಗೆ ಬಂದವು. ಹಿಂದಿನ ಸೆಪ್ಟೆಂಬರ್‌ನಲ್ಲಿ 642 ಬಿಲಿಯನ್ ಇದ್ದ ಮೀಸಲು 2022ರ ಅಕ್ಟೋಬರ್‌ಗೆ 525 ಬಿಲಿಯನ್‌ಗೆ ಇಳಿಯಿತು. ರೂಪಾಯಿ 83ರ ಹತ್ತಿರ ಹೋಯಿತು, ಆದರೆ 2013ರಂತೆ ಗಾಬರಿ ಆಗಲಿಲ್ಲ. ಅಂಗಡಿಯಲ್ಲಿ ಅಡುಗೆ ಎಣ್ಣೆ ಸಿಗಲಿಲ್ಲ, ಪೆಟ್ರೋಲ್ ಬಂಕಿನಲ್ಲಿ ದಾಸ್ತಾನಿಲ್ಲ ಎಂಬ ಸ್ಥಿತಿ ಬರಲಿಲ್ಲ. ಇಲ್ಲಿ ಒಂದು ಮಾತು. ಇಳಿದದ್ದೆಲ್ಲ ಆರ್‌ಬಿಐ ಮಾರಿದ ಡಾಲರ್ ಅಲ್ಲ. ಮೀಸಲಿನಲ್ಲಿ ಯುರೋ, ಪೌಂಡ್, ಯೆನ್ ಕೂಡ ಇರುತ್ತವೆ. ಡಾಲರ್ ಬಲವಾದಾಗ ಅವುಗಳ ಡಾಲರ್ ಬೆಲೆ ಇಳಿಯುತ್ತದೆ, ಬಡ್ಡಿ ಏರಿದಾಗ ಬಾಂಡ್‌ಗಳ ಬೆಲೆಯೂ ಇಳಿಯುತ್ತದೆ. ಆ ಹಣಕಾಸು ವರ್ಷದಲ್ಲಿ ಅಲ್ಲಿಯವರೆಗೆ ಆದ ಇಳಿಕೆಯಲ್ಲಿ ಶೇ 67ರಷ್ಟು ಇಂಥ ಮೌಲ್ಯ ಬದಲಾವಣೆಯಿಂದ ಬಂದದ್ದು ಎಂದು ಗವರ್ನರ್ ಶಕ್ತಿಕಾಂತ ದಾಸ್ 2022ರ ಸೆಪ್ಟೆಂಬರ್ 30ರಂದು ಹೇಳಿದರು. ಆದ್ದರಿಂದ ಒಂದು ವಾರದ ಏರಿಳಿತ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಅದೇ ವರ್ಷ ಪಕ್ಕದ ಶ್ರೀಲಂಕಾದಲ್ಲಿ ಏನಾಯಿತು ನೋಡಿ. 2019ರ ಕೊನೆಗೆ ಅಲ್ಲಿ 7.6 ಬಿಲಿಯನ್ ಡಾಲರ್ ಮೀಸಲಿತ್ತು. ಕೋವಿಡ್‌ನಲ್ಲಿ ಪ್ರವಾಸೋದ್ಯಮ ನಿಂತಿತು. ರೂಪಾಯಿಯನ್ನು ಡಾಲರಿಗೆ 200ರ ಸುಮಾರಿನಲ್ಲೇ ಹಿಡಿದಿಡಲು ಹೋಗಿ ಮೀಸಲು ಬರಿದಾಗುತ್ತಾ ಬಂತು. ಔಷಧಕ್ಕೆ, ಅಡುಗೆ ಅನಿಲಕ್ಕೆ ಡಾಲರ್ ಸಿಗದಿದ್ದ ಹೊತ್ತಿನಲ್ಲೂ 2022ರ ಜನವರಿಯಲ್ಲಿ ವಿದೇಶಿ ಬಾಂಡ್‌ದಾರರಿಗೆ 50 ಕೋಟಿ ಡಾಲರ್ ಪಾವತಿಸಿದರು. ಆ ನಿರ್ಧಾರವನ್ನು ನಾನು ಇವತ್ತಿಗೂ ಒಪ್ಪಲಾರೆ. ಏಪ್ರಿಲ್‌ನಲ್ಲಿ ಸಾಲ ತೀರಿಸಲಾಗದು ಎಂದು ಘೋಷಿಸಿದರು. ಮೇ ತಿಂಗಳಲ್ಲಿ ಹಣಕಾಸು ಸಚಿವ ಅಲಿ ಸಬ್ರಿ, ಬಳಸಬಹುದಾದ ಮೀಸಲು 5 ಕೋಟಿ ಡಾಲರ್ ಕೂಡ ಇಲ್ಲ ಎಂದು ಸಂಸತ್ತಿಗೆ ತಿಳಿಸಿದರು. ಎರಡು ಕೋಟಿಗೂ ಮೀರಿದ ಜನಸಂಖ್ಯೆಯ ದೇಶ. ತಲೆಗೆ ಎರಡು ಮೂರು ಡಾಲರ್ ಕೂಡ ಬರುವುದಿಲ್ಲ. ಜನ ಪೆಟ್ರೋಲಿಗಾಗಿ ದಿನಗಟ್ಟಲೆ ಸಾಲಿನಲ್ಲಿ ನಿಂತರು. ಮೀಸಲು ಇಲ್ಲದ ದೇಶದಲ್ಲಿ ಮೊದಲು ಏಟು ತಿನ್ನುವವರು ಯಾರು ಎಂಬುದು ಆ ಸಾಲುಗಳಲ್ಲಿ ಕಾಣುತ್ತಿತ್ತು. ಶ್ರೀಮಂತರ ಹಣ ಆಗಲೇ ಹೊರಗಿರುತ್ತದೆ.

ನೀವು ಕೇಳಿದ ಕಡಿಮೆ ಬಡ್ಡಿಯ ವಿಷಯ ಪೂರ್ತಿ ನ್ಯಾಯವಾದದ್ದು. ಮೀಸಲು ಪುಕ್ಕಟೆ ಬರುವುದಿಲ್ಲ. 2020ರಲ್ಲಿ ಅಮೆರಿಕದ 10 ವರ್ಷದ ಬಾಂಡ್ ಕೊಡುತ್ತಿದ್ದ ಬಡ್ಡಿ ಬಹುಕಾಲ ಶೇ 1ಕ್ಕಿಂತ ಕಡಿಮೆ. ಅದೇ ಹೊತ್ತಿಗೆ ನಮ್ಮ ಸರ್ಕಾರ ಅಂಥದೇ ಬಾಂಡಿಗೆ ಶೇ 6ರ ಆಸುಪಾಸು ಕೊಡುತ್ತಿತ್ತು. ವಿದೇಶಿಯರು ಇಲ್ಲಿ ಹೂಡಿ ಜಾಸ್ತಿ ಲಾಭ ಪಡೆಯುತ್ತಾರೆ, ಅವರ ಡಾಲರನ್ನು ನಾವು ಅವರದ್ದೇ ದೇಶದಲ್ಲಿ ಕಡಿಮೆ ಬಡ್ಡಿಗೆ ಇಡುತ್ತೇವೆ. ಬಡ ದೇಶಗಳು ಶ್ರೀಮಂತ ದೇಶಕ್ಕೆ ಅಗ್ಗದ ಸಾಲ ಕೊಡುವ ವ್ಯವಸ್ಥೆ ಇದು. ನನಗೆ ಇದು ಅನ್ಯಾಯ ಎಂದೇ ಅನಿಸುತ್ತದೆ. ಆದರೆ ಅದನ್ನು ಸರಿಪಡಿಸುವ ಶಕ್ತಿ ಯಾವ ಒಂದು ದೇಶದ ಕೈಯಲ್ಲೂ ಇಲ್ಲ.

ಇನ್ನೊಂದು ಖರ್ಚು ದೇಶದ ಒಳಗೇ ಇದೆ. ಡಾಲರ್ ಕೊಂಡಾಗ ಹೊಸ ರೂಪಾಯಿ ಹೊರಗೆ ಬರುತ್ತದೆ ಎಂದೆ. ಅದು ಹಾಗೇ ಉಳಿದರೆ ಬೆಲೆ ಏರುತ್ತದೆ. ಅದನ್ನು ಹೀರಿಕೊಳ್ಳಲು ಆರ್‌ಬಿಐ ತನ್ನಲ್ಲಿರುವ ಸರ್ಕಾರಿ ಬಾಂಡ್ ಮಾರಬೇಕು. 2004ರ ಹೊತ್ತಿಗೆ ಡಾಲರ್ ಎಷ್ಟು ಹರಿದುಬಂತೆಂದರೆ ಮಾರಲು ಬಾಂಡ್‌ಗಳೇ ಸಾಲದಾದವು. ಆಗ ಮಾರುಕಟ್ಟೆ ಸ್ಥಿರೀಕರಣ ಯೋಜನೆ ಎಂಬುದನ್ನು ತಂದರು. ಸರ್ಕಾರ ಬಾಂಡ್ ಹೊರಡಿಸುತ್ತದೆ, ಬಂದ ಹಣವನ್ನು ಖರ್ಚು ಮಾಡದೆ ಆರ್‌ಬಿಐನಲ್ಲಿ ಬೇರೆ ಖಾತೆಯಲ್ಲಿ ಇಡುತ್ತದೆ. ಬಡ್ಡಿ ಮಾತ್ರ ಬಜೆಟ್‌ನಿಂದ ಹೋಗುತ್ತದೆ. ಅಂದರೆ ತೆರಿಗೆದಾರರು ಕಟ್ಟುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ತಿರುಗಿ ಬಂದದ್ದೂ ಇದೆ ಅನ್ನಿ. ಅಗ್ಗದಲ್ಲಿ ಕೊಂಡ ಡಾಲರನ್ನು ದುಬಾರಿ ದರದಲ್ಲಿ ಮಾರಿದ ಲಾಭ ಮತ್ತು ವಿದೇಶಿ ಬಾಂಡ್‌ಗಳ ಏರಿದ ಬಡ್ಡಿಯ ಬಲದಿಂದ ಆರ್‌ಬಿಐ ಸರ್ಕಾರಕ್ಕೆ 2024ರಲ್ಲಿ 2.11 ಲಕ್ಷ ಕೋಟಿ, 2025ರಲ್ಲಿ 2.69 ಲಕ್ಷ ಕೋಟಿ ರೂಪಾಯಿ ಕೊಟ್ಟಿತು. ಈ ದಾರಿಯಲ್ಲಿ ಮೀಸಲಿನ ಗಳಿಕೆ ನಿಮ್ಮ ರಸ್ತೆಯ ಬಜೆಟ್‌ಗೂ ಸೇರುತ್ತದೆ. ಆದರೆ ಲಾಭಕ್ಕೋಸ್ಕರ ಮೀಸಲು ಇಡುವುದಿಲ್ಲ, ಇಡಲೂ ಬಾರದು.

ಅಮೆರಿಕದ ಬಾಂಡಿನಲ್ಲೇ ಇಡಬೇಕೇ ಎಂಬ ಪ್ರಶ್ನೆ 2022ರ ನಂತರ ಗಟ್ಟಿಯಾಗಿದೆ. ರಷ್ಯಾದ ಬಳಿ ಯುದ್ಧಕ್ಕೆ ಮುಂಚೆ 600 ಬಿಲಿಯನ್ ಡಾಲರ್‌ಗಿಂತ ಜಾಸ್ತಿ ಮೀಸಲಿತ್ತು. ಪಶ್ಚಿಮದ ದೇಶಗಳು ಅದರಲ್ಲಿ ಸುಮಾರು ಅರ್ಧದಷ್ಟನ್ನು ಒಂದೇ ಏಟಿಗೆ ಸ್ಥಗಿತಗೊಳಿಸಿದವು. ಯುದ್ಧದ ಸರಿತಪ್ಪು ಏನೇ ಇರಲಿ, ಎಲ್ಲ ಕೇಂದ್ರ ಬ್ಯಾಂಕುಗಳೂ ಅದನ್ನು ಗಮನಿಸಿದವು. ಚಿನ್ನದ ಖರೀದಿ ಎಲ್ಲ ಕಡೆ ಏರಿತು. ನಮ್ಮ ಆರ್‌ಬಿಐ 2009ರಲ್ಲಿ ಐಎಂಎಫ್‌ನಿಂದ 200 ಟನ್ ಕೊಂಡಿತ್ತು. ಈಗ ಅದರ ಬಳಿ ಸುಮಾರು 880 ಟನ್ ಇದೆ. ಇಂಗ್ಲೆಂಡಿನಲ್ಲಿಟ್ಟಿದ್ದ ಚಿನ್ನದಲ್ಲಿ ಸುಮಾರು 100 ಟನ್ನನ್ನು 2023-24ರಲ್ಲಿ ಇಲ್ಲಿಗೇ ತಂದರು. ಚಿನ್ನ ಬಡ್ಡಿ ಕೊಡುವುದಿಲ್ಲ, ತುರ್ತಿನಲ್ಲಿ ಡಾಲರಿನಷ್ಟು ಸುಲಭವಾಗಿ ಮಾರಲೂ ಆಗದು. ಹಾಗಾಗಿ ಮೀಸಲಿನ ದೊಡ್ಡ ಪಾಲು ಇನ್ನೂ ವಿದೇಶಿ ಸರ್ಕಾರಗಳ ಬಾಂಡ್ ಮತ್ತು ಇತರ ಕೇಂದ್ರ ಬ್ಯಾಂಕುಗಳ ಠೇವಣಿಯಲ್ಲೇ ಇದೆ. ಸದ್ಯಕ್ಕೆ ಬೇರೆ ದಾರಿ ಕಾಣುವುದಿಲ್ಲ.

ಎಷ್ಟಿದ್ದರೆ ಸಾಕು? ಹಳೆಯ ಅಳತೆ ಮೂರು ತಿಂಗಳ ಆಮದು. 1997ರ ನಂತರ ಅದು ಸಾಲದು ಎಂದು ಗೊತ್ತಾಯಿತು. ಯಾಕೆಂದರೆ ಕೊರಿಯಾವನ್ನು ಕೆಡವಿದ್ದು ಆಮದಿನ ಬಿಲ್ ಅಲ್ಲ, ಅಲ್ಪಾವಧಿ ಸಾಲ. ಒಂದು ವರ್ಷದೊಳಗೆ ತೀರಿಸಬೇಕಾದ ವಿದೇಶಿ ಸಾಲದಷ್ಟಾದರೂ ಮೀಸಲು ಇರಬೇಕು ಎಂಬ ಸೂತ್ರವನ್ನು ಅರ್ಜೆಂಟೀನಾದ ಉಪ ಹಣಕಾಸು ಸಚಿವರಾಗಿದ್ದ ಪಾಬ್ಲೊ ಗಿಡೊಟ್ಟಿ ಮುಂದಿಟ್ಟರು, ಆಗ ಫೆಡರಲ್ ರಿಸರ್ವ್ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ ಅದನ್ನು ಎತ್ತಿಹಿಡಿದರು. ಭಾರತ ಈ ಎರಡೂ ಅಳತೆಯಲ್ಲಿ ಆರಾಮಾಗಿದೆ. ಆದರೆ ಷೇರು ಮಾರುಕಟ್ಟೆಯಲ್ಲಿರುವ ವಿದೇಶಿ ಹಣವೂ ಯಾವಾಗ ಬೇಕಾದರೂ ಹೋಗಬಹುದು, ಅದು ಈ ಸೂತ್ರದಲ್ಲಿ ಇಲ್ಲ. ಅದನ್ನೂ ಎಣಿಸಿದರೆ ನಮ್ಮದು ಅತಿಯಾದ ಮೀಸಲು ಎಂದು ನನಗೆ ಅನಿಸುವುದಿಲ್ಲ. ಸಾಕಷ್ಟು ಇದೆ, ಅಷ್ಟೇ.

ಕೊನೆಗೆ, ನೀವು ವಾರವಾರ ಈ ಸುದ್ದಿ ಓದುವವರಾದ್ದರಿಂದ ಒಂದು ಸಲಹೆ. ಶುಕ್ರವಾರ ಆರ್‌ಬಿಐ ಕೊಡುವ ಅಂಕಿಯ ಜೊತೆಗೆ, ಅದರ ಮಾಸಿಕ ಬುಲೆಟಿನ್‌ನಲ್ಲಿ ಬರುವ ಫಾರ್ವರ್ಡ್ ಲೆಕ್ಕವನ್ನೂ ನೋಡಿ. ಥಾಯ್ಲೆಂಡ್ ಮುಚ್ಚಿಟ್ಟದ್ದು ಇದನ್ನೇ. ಆ ಅನುಭವದ ನಂತರ, 1999ರಲ್ಲಿ, ಐಎಂಎಫ್ ಇದನ್ನು ಪ್ರಕಟಿಸುವ ನಮೂನೆಯನ್ನು ಬಿಗಿಗೊಳಿಸಿತು. ಭಾರತ ಆ ನಮೂನೆಯಲ್ಲೇ ಕೊಡುತ್ತದೆ. 2025ರ ಫೆಬ್ರವರಿ ಕೊನೆಗೆ ಆರ್‌ಬಿಐ ಮುಂದೆ ಕೊಡಲು ಒಪ್ಪಿಕೊಂಡಿದ್ದ ಡಾಲರ್ ನಿವ್ವಳ 88 ಬಿಲಿಯನ್‌ನಷ್ಟಿತ್ತು. ಆಗಿನ ಮೀಸಲಿಗೆ ಹೋಲಿಸಿದರೆ ಅದು ಥಾಯ್ಲೆಂಡಿನ ಪ್ರಮಾಣದ ಹತ್ತಿರವೂ ಬರುವುದಿಲ್ಲ, ಗಾಬರಿಯಾಗುವ ಕಾರಣ ಇಲ್ಲ. ಆದರೆ ಮೀಸಲು ಇಷ್ಟು ಎಂದು ಯಾರಾದರೂ ಹೇಳಿದಾಗ ಆ ಮೊತ್ತವನ್ನು ಕಳೆದು ನೋಡುವುದು ಒಳ್ಳೆಯ ಅಭ್ಯಾಸ.